ಆಡಿನ ಮರಿಗೆ ಅರ್ಧ ಅಂಕ

ನಮ್ಮ ಶಾಲೆಯ ಪಾಲಕರ ಸಭೆಗೆ ಮೊಮ್ಮಗಳ ಪರವಾಗಿ ಬಂದಿದ್ದ ನಿವೃತ್ತ ಗುಮಾಸ್ತರೊಬ್ಬರು, ಅಂಕ, ಹಾಜರಾತಿ, ಬಸ್ಸಿನ ಸಮಯ ಎಲ್ಲದರ ಮಾತೂ ಮುಗಿದ ಮೇಲೆ ಎದ್ದು ನಿಂತರು. ಅವರ ತಕರಾರು ಬೇರೆಯೇ ಇತ್ತು.

"ಮೇಷ್ಟ್ರೇ, ಆಹ್ವಾನ ಪತ್ರಿಕೆಯಲ್ಲಿ 'ಕಿಡ್ಸ್ ಡೇ' ಅಂತ ಅಚ್ಚು ಹಾಕಿಸಿದ್ದೀರಿ. ನಿನ್ನೆ ರಾತ್ರಿ ನಿಘಂಟು ತೆಗೆದು ನೋಡಿದೆ. ಕಿಡ್ ಅಂದರೆ ಆಡಿನ ಮರಿ ಅಂತಿದೆ. ನಮ್ಮ ಮಕ್ಕಳನ್ನ ಆಡಿನ ಮರಿ ಅಂತ ಕರೆಯೋದು ಸರಿಯೇ?"

ಸಭೆ ಗೊಳ್ಳೆಂದಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಅವರ ಮೊಮ್ಮಗಳು ತಲೆ ತಗ್ಗಿಸಿದಳು. ನನಗೆ ಮಾತ್ರ ನಗು ಬರಲಿಲ್ಲ. ಈ ಪದದ ಜೊತೆ ನನಗೊಂದು ಹಳೆಯ ಲೆಕ್ಕ ಬಾಕಿ ಇದೆ.

1997ರ ಮಾತು. ನಾನು ಕೆಲಸಕ್ಕೆ ಸೇರಿದ ಹೊಸತು. ಒಂದು ಹಳ್ಳಿಯ ಪ್ರೌಢಶಾಲೆ. ಇಂಗ್ಲಿಷ್ ಶಿಕ್ಷಕರ ಹುದ್ದೆ ಖಾಲಿ ಇದ್ದುದರಿಂದ ವಿಜ್ಞಾನದ ಜೊತೆಗೆ ಇಂಗ್ಲಿಷೂ ನನ್ನ ತಲೆಗೇ ಬಂದಿತ್ತು. ವ್ಯಾಕರಣ ಚೆನ್ನಾಗಿ ಬರುತ್ತದೆಂಬ ಜಂಬವೂ ಸ್ವಲ್ಪ ಇತ್ತೆನ್ನಿ. ಎಂಟನೇ ತರಗತಿಯ ಕಿರುಪರೀಕ್ಷೆಯಲ್ಲಿ ಸಾಕುಪ್ರಾಣಿಯೊಂದರ ಬಗ್ಗೆ ಐದು ವಾಕ್ಯ ಬರೆಯಿರಿ ಎಂದು ಕೇಳಿದ್ದೆ. ನಲವತ್ತು ಮಕ್ಕಳಲ್ಲಿ ಮೂವತ್ತೊಂಬತ್ತು ಮಂದಿ ಹಸುವಿನ ಬಗ್ಗೆ ಬರೆದಿದ್ದರು. ಹಸುವಿಗೆ ನಾಲ್ಕು ಕಾಲು, ಎರಡು ಕೊಂಬು, ಒಂದು ಬಾಲ. ಗೈಡಿನಲ್ಲಿ ಇದ್ದದ್ದು ಇದ್ದ ಹಾಗೇ. ಒಬ್ಬನೇ ಒಬ್ಬ ಹುಡುಗ ತನ್ನ ಮನೆಯ ಆಡಿನ ಬಗ್ಗೆ ಬರೆದಿದ್ದ. 'ನಮ್ಮ ಆಡಿಗೆ ಎರಡು ಕಿಡ್ಸ್ ಇವೆ' ಎಂಬುದು ಅವನ ಮೂರನೆಯ ವಾಕ್ಯ.

ನಾನು ಆ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ 'ಸ್ಲ್ಯಾಂಗ್! ಯಂಗ್ ಒನ್ಸ್ ಎಂದು ಬರೆ' ಎಂದು ಗೀಚಿ ಅರ್ಧ ಅಂಕ ಕಳೆದೆ. ಮಕ್ಕಳಿಗೆ ಬಳಸುವ ಬೀದಿ ಮಾತನ್ನು ಈತ ಆಡಿಗೆ ಹಚ್ಚಿದ್ದಾನೆ ಎಂದು ನನ್ನ ತಿಳಿವಳಿಕೆ. ಉತ್ತರಪತ್ರಿಕೆ ಮನೆಗೆ ಹೋಗಿ ಪಾಲಕರ ರುಜುವಿನೊಂದಿಗೆ ವಾಪಸು ಬರಬೇಕೆಂಬ ನಿಯಮವಿತ್ತು. ಅವನದು ಬಂತು. ನನ್ನ ಕೆಂಪು ಬರಹದ ಕೆಳಗೆ ಅವನ ಅಪ್ಪನ ಹೆಬ್ಬೆಟ್ಟಿನ ಗುರುತಿತ್ತು.

ಅದಾದ ಕೆಲವು ವಾರಗಳಿಗೆ ಸಮೀಕ್ಷೆಯೊಂದರ ಕೆಲಸದ ಮೇಲೆ ಮನೆ ಮನೆ ತಿರುಗುವಾಗ ಆ ಹುಡುಗನ ಮನೆಗೂ ಹೋದೆ. ಜಗಲಿಯ ಗೋಡೆಗೆ ಒಂದು ತಂತಿ; ತಂತಿಗೆ ಚುಚ್ಚಿದ ರಸೀದಿ, ಕರೆಂಟ್ ಬಿಲ್ಲು. ಎಲ್ಲಕ್ಕೂ ಮೇಲೆ ಪಶು ಆಸ್ಪತ್ರೆಯ ಒಂದು ಚೀಟಿ. ಜಂತುಹುಳುವಿನ ಔಷಧಿ ಕೊಟ್ಟ ಲೆಕ್ಕ ಅದು. ಡಾಕ್ಟರು ಇಂಗ್ಲಿಷಿನಲ್ಲಿ ಬರೆದಿದ್ದರು: ಗೋಟ್ಸ್ ಆರು, ಕಿಡ್ಸ್ ನಾಲ್ಕು. ಹುಡುಗ ಒಂದು ಮರಿಯನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. ನಾನು ಚೀಟಿ ನೋಡಿದ್ದನ್ನು ಅವನು ನೋಡಿದ. ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅವರ ತಾಯಿ ಕೊಟ್ಟ ಚಹಾ ಕುಡಿದು ಬಂದೆ. ಅಂಕಪಟ್ಟಿ ಅಷ್ಟರಲ್ಲಿ ಕಚೇರಿ ಸೇರಿತ್ತು. ತಿದ್ದಿಸಲು ಹೋದರೆ ಹೆಡ್ಮಾಸ್ಟರ ಮುಂದೆ ನನ್ನ ಇಂಗ್ಲಿಷಿನ ಮರ್ಯಾದೆ ಹೋಗುತ್ತದಲ್ಲ!

ಹಾಗಾಗಿ ಅಂದಿನ ಸಭೆಯಲ್ಲಿ ಆ ಹಿರಿಯರಿಗೆ, "ಸ್ವಾಮಿ, ನಿಮ್ಮ ನಿಘಂಟು ಸರಿಯಾಗಿಯೇ ಇದೆ" ಎಂದೆ. ಕಿಡ್ ಎಂಬುದರ ಮೂಲಾರ್ಥವೇ ಆಡಿನ ಮರಿ. ಸ್ಕ್ಯಾಂಡಿನೇವಿಯದ ಜನ ಇಂಗ್ಲೆಂಡಿಗೆ ಬಂದು ನೆಲೆಸಿದಾಗ ಅವರ ಜೊತೆ ಬಂದ ಪದ. 1200ರ ಸುಮಾರಿನ ಇಂಗ್ಲಿಷ್ ಬರಹಗಳಲ್ಲೇ ಸಿಗುತ್ತದೆ. ಮನುಷ್ಯರ ಮಕ್ಕಳಿಗೆ ಈ ಪದ ಅಂಟಿಕೊಂಡದ್ದು ಅದಾಗಿ ಸುಮಾರು ನಾನೂರು ವರ್ಷಕ್ಕೆ, ಅದೂ ಕೆಳದರ್ಜೆಯ ಮಾತಾಗಿ. ಮನೆಮಾತಾಗಿ ಸಲೀಸಾಗಿ ಓಡಾಡತೊಡಗಿದ್ದು 19ನೇ ಶತಮಾನದಲ್ಲಿ. ಎಲ್‌ಕೆಜಿಯಲ್ಲಿರುವ 'ಕೆ', ಅಂದರೆ ಕಿಂಡರ್‌ಗಾರ್ಟನ್, ಇದರ ನೆಂಟನೆಂದು ಹಲವರು ತಿಳಿದಿದ್ದಾರೆ. ಅಲ್ಲ. ಅದು ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ 1840ರಲ್ಲಿ ಕಟ್ಟಿದ ಪದ. ಅಲ್ಲಿ ಮಗುವಿಗೆ 'ಕಿಂಡ್' ಎನ್ನುತ್ತಾರೆ. ಕಿಡ್ ಬಂದದ್ದು ಕೊಟ್ಟಿಗೆಯಿಂದ, ಕಿಂಡ್ ಬಂದದ್ದು ತೊಟ್ಟಿಲಿನಿಂದ. ಹೊಟ್ಟೆಯೊಳಗಿನ ಕಿಡ್ನಿಗೂ ಇದಕ್ಕೂ ಸಂಬಂಧವಿಲ್ಲ. ಪ್ರತಿ ವರ್ಷ ಯಾರಾದರೊಬ್ಬ ಕೇಳಿಯೇ ಕೇಳುತ್ತಾನೆ.

ಹಿರಿಯರು ಅಷ್ಟಕ್ಕೆ ಬಿಡಲಿಲ್ಲ. "ಆದರೂ ಮಗುವನ್ನ ಪ್ರಾಣಿಗೆ ಹೋಲಿಸೋದೇ?" ಎಂದರು. "ಮೊಮ್ಮಗಳನ್ನು ಮನೆಯಲ್ಲಿ ಏನೆಂದು ಕರೆಯುತ್ತೀರಿ?" ಎಂದು ಕೇಳಿದೆ. ಅವರು ಬಾಯಿ ತೆರೆಯುವ ಮೊದಲೇ ಆ ಹುಡುಗಿ, "ಮರಿ ಅಂತಾರೆ ಸಾರ್" ಎಂದುಬಿಟ್ಟಳು.

ನಾಯಿ ಮರಿ, ಆನೆ ಮರಿ, ಹಾವಿನ ಮರಿ, ಆಡಿನ ಮರಿ, "ಬಾ ನನ್ ಮರಿ". ನಾವು ಎಂದಾದರೂ ಅನುಮಾನಪಟ್ಟಿದ್ದೇವೆಯೇ? ಮೊಮ್ಮಗನ ಮಗ ಮರಿಮಗ. ಚುನಾವಣೆ ಬಂತೆಂದರೆ ಊರು ತುಂಬ ಮರಿ ಪುಢಾರಿಗಳು. ಇಂಗ್ಲಿಷಿನವರು ನಾಯಿಗೊಂದು, ಕುರಿಗೊಂದು, ಹಸುವಿಗೊಂದು ಎಂದು ಮರಿಗಳಿಗೆಲ್ಲ ಬೇರೆ ಬೇರೆ ಹೆಸರಿಟ್ಟು, ಅಷ್ಟರಲ್ಲಿ ತಮ್ಮ ಮಕ್ಕಳಿಗೆಂದು ಆಡಿನದನ್ನೇ ಆರಿಸಿಕೊಂಡರು. ಕಾರಣ ಬೇಕಿದ್ದರೆ ಹುಟ್ಟಿ ನಾಲ್ಕು ದಿನವಾದ ಆಡಿನ ಮರಿಯೊಂದನ್ನು ಅಂಗಳದಲ್ಲಿ ಬಿಟ್ಟು ನೋಡಿ. ಸುಮ್ಮಸುಮ್ಮನೆ ನಾಲ್ಕೂ ಕಾಲೆತ್ತಿ ನೆಗೆಯುತ್ತದೆ, ಕಲ್ಲಿದ್ದರೆ ಕಲ್ಲು ಹತ್ತುತ್ತದೆ, ತಾಯಿ ಮಲಗಿದ್ದರೆ ತಾಯಿಯ ಮೇಲೇ ಹತ್ತುತ್ತದೆ. ಎರಡನೇ ಬೆಲ್ ಆದ ಮೇಲೆ ಆರನೇ ತರಗತಿಯನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಮಾತು. ಕಿಡ್ ತಪ್ಪು ಪದವಲ್ಲ, ಸಲಿಗೆಯ ಪದ. ಗೆಳೆಯರ ಜೊತೆ ಆಡಬಹುದು. ರಜಾ ಅರ್ಜಿಯಲ್ಲಿ, ಪ್ರಬಂಧದಲ್ಲಿ ಚೈಲ್ಡ್, ಚಿಲ್ಡ್ರನ್ ಎಂದು ಬರೆಯುವುದು ಲೇಸು. ಆದರೆ ಆಡಿನ ವಿಷಯ ಬರೆಯುವಾಗ ಎಲ್ಲಿ ಬೇಕಾದರೂ ಧಾರಾಳವಾಗಿ ಬರೆಯಿರಿ. ಅದು ಅದರದೇ ಆಸ್ತಿ. ಆಡು ಸುಮಾರು 150 ದಿನ ಗರ್ಭ ಧರಿಸಿ ಮರಿ ಹಾಕುವುದಕ್ಕೆ ಪಶುವೈದ್ಯರು 'ಕಿಡಿಂಗ್' ಎನ್ನುತ್ತಾರೆ. ಅದೇ ಕಿಡಿಂಗ್ ಅಂದರೆ ತಮಾಷೆ ಮಾಡುವುದೂ ಹೌದು. ಎದುರಿನವನನ್ನು ಏನೂ ಅರಿಯದ ಮಗು ಮಾಡಿ ನಂಬಿಸುವುದು ಎಂಬ ಅರ್ಥದಿಂದ, 19ನೇ ಶತಮಾನದ ಆರಂಭದ ಕಳ್ಳಕಾಕರ ಭಾಷೆಯಲ್ಲಿ ಹುಟ್ಟಿದ ಬಳಕೆ ಇದು. ಟಿ.ವಿ. ನೋಡಿ ಇಂಗ್ಲಿಷ್ ಕಲಿತ ಹುಡುಗನೊಬ್ಬ ಹೆಡ್ಮಾಸ್ಟರಿಗೇ "ಆರ್ ಯೂ ಕಿಡಿಂಗ್ ಸರ್?" ಎಂದು, ಅರ್ಧ ದಿನ ವರಾಂಡದಲ್ಲಿ ನಿಂತದ್ದನ್ನು ಕಂಡಿದ್ದೇನೆ.

ಇನ್ನೊಮ್ಮೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷ್ ಪತ್ರಿಕೆಯ ತಲೆಬರಹ ಹಿಡಿದುಕೊಂಡು ಬಂದಳು. ಯಾವುದೋ ಪ್ರಕರಣವನ್ನು ಸರ್ಕಾರ 'ಕಿಡ್ ಗ್ಲೌಸ್' ತೊಟ್ಟು ನಿಭಾಯಿಸುತ್ತಿದೆ ಎಂದು ಅದರಲ್ಲಿತ್ತು. "ಮಕ್ಕಳ ಗ್ಲೌಸು ದೊಡ್ಡವರ ಕೈಗೆ ಹಿಡಿಯಲ್ವಲ್ಲ ಸಾರ್, ಅದಕ್ಕೇ ಕೆಲಸ ಸರಿಯಾಗಿ ಆಗ್ತಿಲ್ಲ ಅಂತ ಅರ್ಥವಾ?" ಅವಳ ಅರ್ಥವೂ ಆ ಪ್ರಕರಣಕ್ಕೆ ಹೊಂದುತ್ತಿತ್ತು, ಅದು ಬೇರೆ ಮಾತು. ಆದರೆ ಇವು ಮಕ್ಕಳ ಕೈಗವಸಲ್ಲ, ಆಡಿನ ಮರಿಯ ಚರ್ಮದ ಕೈಗವಸು.

ಇದರ ಹಿಂದೆ ಒಂದಿಷ್ಟು ರಸಾಯನಶಾಸ್ತ್ರವಿದೆ, ಹೇಳದೆ ಬಿಡಲಾರೆ. ಇನ್ನೂ ಹಾಲು ಕುಡಿಯುತ್ತಿರುವ ಮರಿಯ ಚರ್ಮದಲ್ಲಿ ಕೊಲ್ಯಾಜೆನ್ ಎಂಬ ಪ್ರೋಟೀನಿನ ಎಳೆಗಳು ತೆಳ್ಳಗೆ, ನಯವಾಗಿರುತ್ತವೆ. ಸೊಪ್ಪು ಮೇಯಲು ತೊಡಗಿ, ಬೇಲಿ ನುಗ್ಗಿ, ಬೆಳೆದಂತೆಲ್ಲ ಅದು ಒರಟಾಗುತ್ತದೆ. ನಮ್ಮ ಕಡೆ ಚರ್ಮ ಹದ ಮಾಡಲು ತಂಗಡಿ ಗಿಡದ ತೊಗಟೆ ಬಳಸುತ್ತಿದ್ದರು. ಅದರಿಂದ ಚರ್ಮಕ್ಕೆ ಕಂದು ಬಣ್ಣ ಬರುತ್ತದೆ. ಯುರೋಪಿನ ಕೈಗವಸಿನವರಿಗೆ ಬೇಕಿದ್ದದ್ದು ಹಾಲಿನಂಥ ಬಿಳುಪು. ಅವರು ತೊಗಟೆಯ ಬದಲು ಪಟಿಕ, ಉಪ್ಪು, ಗೋಧಿ ಹಿಟ್ಟು, ಮೊಟ್ಟೆಯ ಹಳದಿ ಭಾಗ ಇಷ್ಟನ್ನೂ ಕಲಸಿ ಚರ್ಮಕ್ಕೆ ತಿಕ್ಕುತ್ತಿದ್ದರು. ಕ್ಷೌರದ ಅಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಅದೇ ಪಟಿಕ. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್, ಎಣ್ಣೆಯಂಶವನ್ನು ನೀರಿನಲ್ಲಿ ಬೆರೆಸಿ ಎಳೆಗಳ ನಡುವೆ ಇಳಿಸುತ್ತದೆ. ಹೊರಬರುವ ಚರ್ಮ ರೇಷ್ಮೆಯಷ್ಟು ಮೃದು. ಆದರೆ ಪಟಿಕ ಚರ್ಮವನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ನೀರಿನಲ್ಲಿ ನೆನೆಯಿತೋ, ಪಟಿಕ ಬಿಟ್ಟುಹೋಗಿ ಕೈಗವಸು ಮತ್ತೆ ಹಸಿ ತೊಗಲಿನ ದಾರಿ ಹಿಡಿಯುತ್ತದೆ. ಆದ್ದರಿಂದ ಕಿಡ್ ಗ್ಲೌಸ್ ತೊಟ್ಟವರು ಒರಟು ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ, ಮುಟ್ಟಿದ್ದನ್ನು ಹಗುರಾಗಿ ಮುಟ್ಟುತ್ತಿದ್ದರು. ನಯವಾಗಿ, ನೋವಾಗದಂತೆ ನಿಭಾಯಿಸುವುದಕ್ಕೆ 'ಕಿಡ್ ಗ್ಲೌಸ್' ಎಂಬ ಮಾತು ಬಂದದ್ದು ಹೀಗೆ. ಮರಿಯ ಮೇಲೆ ಮಾತ್ರ ಯಾರೂ ಹಗುರಾಗಿ ಕೈ ಇಟ್ಟಿರಲಿಲ್ಲ.

ಈ ಪದದ ನಗು ನಿಂತುಹೋಗುವ ಜಾಗವೊಂದಿದೆ. ಕಿಡ್ನ್ಯಾಪ್. ನ್ಯಾಪ್ ಅಂದರೆ ಮಧ್ಯಾಹ್ನದ ಜೊಂಪು ಎಂದು ಓದಿದ್ದ ಹುಡುಗನೊಬ್ಬ ಇದನ್ನು 'ಮಗುವಿನ ನಿದ್ದೆ' ಎಂದು ಅನುವಾದಿಸಿದ್ದ. ಇಲ್ಲಿ ನ್ಯಾಪ್ ಅಂದರೆ ಹಾರಿಸುವುದು, ಕಸಿಯುವುದು. ಪದ ಹುಟ್ಟಿದ್ದು 17ನೇ ಶತಮಾನದ ಉತ್ತರಾರ್ಧದಲ್ಲಿ, ಇಂಗ್ಲೆಂಡಿನಲ್ಲಿ. ಅಮೆರಿಕದ ವಸಾಹತುಗಳ ತಂಬಾಕಿನ ಹೊಲಗಳಲ್ಲಿ ದುಡಿಯಲು ಆಳುಗಳು ಬೇಕಿತ್ತು. ಲಂಡನ್, ಬ್ರಿಸ್ಟಲ್‌ನಂಥ ಬಂದರು ಊರುಗಳಲ್ಲಿ ಬೀದಿ ಮಕ್ಕಳನ್ನು, ಕೆಲಸ ಹುಡುಕಿ ಬಂದ ಹುಡುಗರನ್ನು ಪುಸಲಾಯಿಸಿಯೋ ಹಿಡಿದೆಳೆದೋ ಹಡಗು ಹತ್ತಿಸಿ ಮಾರುವ ದಂಧೆಯೇ ನಡೆಯಿತು. ಆ ದಂಧೆಯವರಿಗೆ ಇಟ್ಟ ಹೆಸರು ಇದು. ಆಡಿನ ಮರಿ ಕದಿಯುವವನ ಹಾಗೆ ಮಕ್ಕಳನ್ನು ಕದಿಯುವವನು.

ಸ್ಕಾಟ್ಲೆಂಡಿನ ಪೀಟರ್ ವಿಲಿಯಮ್‌ಸನ್ ಎಂಬಾತನ ಕಥೆ ಮಕ್ಕಳು ತಿಳಿಯಬೇಕಾದದ್ದು. 1743ರಲ್ಲಿ, ಇನ್ನೂ ಮೀಸೆ ಮೂಡದ ವಯಸ್ಸಿನಲ್ಲಿ, ಅಬರ್ಡೀನ್ ಬಂದರಿನಲ್ಲಿ ಆಡಿಕೊಂಡಿದ್ದವನನ್ನು ಹಡಗಿಗೆ ಕರೆದೊಯ್ದರು. ಹಡಗು ಫಿಲಡೆಲ್ಫಿಯ ತಲುಪಿದಾಗ ಏಳು ವರ್ಷದ ದುಡಿಮೆಗೆಂದು 16 ಪೌಂಡಿಗೆ ಮಾರಿದರು. ಕೊಂಡ ಯಜಮಾನ ತಾನೂ ಹುಡುಗನಾಗಿದ್ದಾಗ ಸ್ಕಾಟ್ಲೆಂಡಿನಿಂದ ಹೀಗೇ ಕದ್ದು ತರಲ್ಪಟ್ಟವನು. ಆತ ಪೀಟರನನ್ನು ಕರುಣೆಯಿಂದ ನಡೆಸಿಕೊಂಡ, ಓದು ಕಲಿಸಿದ ಎಂದು ಪೀಟರನೇ ಬರೆದುಕೊಂಡಿದ್ದಾನೆ. ಆ ಓದು ಕೊನೆಗೆ ಕೈ ಹಿಡಿಯಿತು. ನಾನಾ ಕಷ್ಟ ದಾಟಿ ಬ್ರಿಟನ್ನಿಗೆ ಮರಳಿದ ಪೀಟರ್ 1757ರಲ್ಲಿ ತನ್ನ ಕಥೆಯನ್ನು ಅಚ್ಚು ಹಾಕಿಸಿ ಊರೂರಿನಲ್ಲಿ ಮಾರಿದ. ಅಬರ್ಡೀನಿಗೆ ಬಂದು ಮಾರತೊಡಗಿದಾಗ ಅಲ್ಲಿನ ದೊಡ್ಡಮನುಷ್ಯರಿಗೆ ಉರಿದುಹೋಯಿತು. ಹುಡುಗರ ವ್ಯಾಪಾರದಲ್ಲಿ ಕೈಯಿದ್ದವರು ಊರಿನ ಅಧಿಕಾರಸ್ಥರ ನಡುವೆಯೇ ಇದ್ದರು. ಮಾನಹಾನಿ ಎಂದು ಅವನಿಗೇ ದಂಡ ಹಾಕಿ ಪುಸ್ತಕವನ್ನು ಸಾರ್ವಜನಿಕವಾಗಿ ಸುಟ್ಟರು. ಪೀಟರ್ ಎಡಿನ್‌ಬರೋದ ಉಚ್ಚ ನ್ಯಾಯಾಲಯಕ್ಕೆ ಹೋದ. ಆ ವ್ಯಾಪಾರದ ಖರ್ಚು ಬರೆದಿಟ್ಟ ಲೆಕ್ಕದ ಪುಸ್ತಕವೇ ಅವನ ಪರ ಸಾಕ್ಷಿಯಾಯಿತು. ತೀರ್ಪು ಅವನ ಕಡೆ ಬಂತು, ಪರಿಹಾರವೂ ಸಿಕ್ಕಿತು. ಆಮೇಲೆ ಅವನು ಎಡಿನ್‌ಬರೋದಲ್ಲೇ ನೆಲೆಸಿ, ಒಂದು ಪೆನ್ನಿಗೆ ಪತ್ರ ಮುಟ್ಟಿಸುವ ಖಾಸಗಿ ಅಂಚೆ ನಡೆಸಿದ. ಕಳೆದುಹೋಗಿದ್ದ ಹುಡುಗ ಕೊನೆಗೆ ಊರವರ ವಿಳಾಸಗಳನ್ನೆಲ್ಲ ಸೇರಿಸಿ ಡೈರೆಕ್ಟರಿಯನ್ನೂ ಅಚ್ಚು ಹಾಕಿಸಿದ!

ಈಗ ಈ ಪದಕ್ಕೆ ವಯಸ್ಸಿನ ಹಂಗಿಲ್ಲ. 2000ದ ಜುಲೈ 30ರಂದು ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಒಯ್ದಾಗ ಅಣ್ಣಾವ್ರಿಗೆ 71 ವರ್ಷ. ಆ 108 ದಿನವೂ ನಾವೆಲ್ಲ 'ಕಿಡ್ನ್ಯಾಪ್' ಎಂದೇ ಆಡಿಕೊಂಡೆವು. ಕಾನೂನು ಮಾತ್ರ ಪದದ ಮೂಲವನ್ನು ಪೂರ್ತಿ ಮರೆತಿಲ್ಲ. ಪೋಷಕರ ವಶದಿಂದ ಅವರ ಒಪ್ಪಿಗೆಯಿಲ್ಲದೆ ಮಗುವನ್ನು ಒಯ್ದರೆ, ಮಗು ತಾನಾಗಿ ಖುಷಿಯಿಂದ ಹೋಗಿದ್ದರೂ ಅದು ಕಿಡ್ನ್ಯಾಪಿಂಗ್. 1860ರ ದಂಡ ಸಂಹಿತೆಯಲ್ಲಿ ಇದಕ್ಕೆ ಗಂಡುಮಕ್ಕಳ ವಯಸ್ಸು 16, ಹೆಣ್ಣುಮಕ್ಕಳದು 18 ಇತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಬ್ಬರಿಗೂ 18.

ಹೊರಗಿನವರೇ ಕದಿಯಬೇಕೆಂದೇನೂ ಇಲ್ಲ. ಚಾರ್ಲಿ ಚಾಪ್ಲಿನ್‌ನ 'ದಿ ಕಿಡ್' ಚಿತ್ರವನ್ನು ಪಾಲಕರು ನೋಡಿರಬಹುದು, 1921ರದು. ಅನಾಥ ಮಗುವಾಗಿ ನಟಿಸಿದ ಜ್ಯಾಕಿ ಕೂಗನ್ ಲೋಕಪ್ರಸಿದ್ಧನಾದ. ಮುಂದಿನ ವರ್ಷಗಳಲ್ಲಿ ಅವನು ದುಡಿದದ್ದು 30-40 ಲಕ್ಷ ಡಾಲರ್ ಎಂಬ ಅಂದಾಜಿದೆ. 21 ತುಂಬಿ ಲೆಕ್ಕ ಕೇಳಿದರೆ ತಾಯಿ ಮತ್ತು ಮಲತಂದೆ ಕೈ ಆಡಿಸಿಬಿಟ್ಟಿದ್ದರು. ಅಪ್ರಾಪ್ತ ವಯಸ್ಕನ ಸಂಪಾದನೆ ಹೆತ್ತವರದೇ ಎಂದು ಅಲ್ಲಿನ ಕಾನೂನಿತ್ತು. 1938ರಲ್ಲಿ ದಾವೆ ಹೂಡಿದ. ಕೈಗೆ ಬಂದದ್ದು ಸುಮಾರು 1,26,000 ಡಾಲರ್. ಅವನ ಪಾಡು ಕಂಡು ಕ್ಯಾಲಿಫೋರ್ನಿಯ 1939ರಲ್ಲಿ ಬಾಲನಟರ ದುಡಿಮೆಯ ಒಂದು ಪಾಲನ್ನು ಅವರ ಹೆಸರಿನಲ್ಲೇ ಇಡಬೇಕೆಂಬ ಕಾನೂನು ತಂದಿತು. ಅದನ್ನು ಇಂದಿಗೂ 'ಕೂಗನ್ ಕಾಯಿದೆ' ಎನ್ನುತ್ತಾರೆ. ಮಕ್ಕಳ ಹಾಡು-ಕುಣಿತವನ್ನು ಮೊಬೈಲಿನಲ್ಲಿ ಹಿಡಿದು ಹಣ ಎಣಿಸುವ ಮನೆಗಳು ಈಗ ನಮ್ಮಲ್ಲೂ ಇವೆ. ಆ ಹಣ ಯಾರ ಹೆಸರಿನಲ್ಲಿದೆ ಎಂದು ಒಮ್ಮೆ ಪಾಸ್‌ಬುಕ್ ತೆರೆದು ನೋಡಬಹುದು.

ಭೂಮಿಯ ಮೇಲಿನ ಮರಿಗಳ ಕಥೆ ಇಷ್ಟು. ಆಕಾಶದಲ್ಲೂ ಮೂರಿವೆ. ಜನವರಿಯ ಕೊನೆಯ ವಾರ ರಾತ್ರಿ ಒಂಬತ್ತರ ಸುಮಾರಿಗೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ದಿಗಂತದಿಂದ ನಡುನೆತ್ತಿಗೆ ಮೂರರಲ್ಲಿ ಎರಡು ಪಾಲು ಎತ್ತರದಲ್ಲಿ ಹಳದಿ ಛಾಯೆಯ ಉಜ್ವಲ ನಕ್ಷತ್ರವೊಂದು ಕಾಣುತ್ತದೆ. ನಮ್ಮವರು ಅದನ್ನು ಬ್ರಹ್ಮಹೃದಯ ಎಂದರು. ಪಾಶ್ಚಾತ್ಯರ ಹೆಸರು ಕಪೆಲ್ಲ, ಅಂದರೆ ಪುಟ್ಟ ಹೆಣ್ಣಾಡು. ನಮ್ಮಿಂದ ಸುಮಾರು 43 ಜ್ಯೋತಿರ್ವರ್ಷ ದೂರ. ಅದರಿಂದ ಕೊಂಚ ಮೇಲಕ್ಕೆ, ಎಡಗಡೆಗೆ, ಚಾಚಿದ ಕೈಯ ಮೂರು ಬೆರಳಗಲದೊಳಗೆ ಮೂರು ಮಸುಕು ನಕ್ಷತ್ರಗಳ ಸಣ್ಣ ತ್ರಿಕೋನವಿದೆ. ಅವೇ 'ದಿ ಕಿಡ್ಸ್', ಆಡಿನ ಹಿಂದೆ ಹೊರಟ ಮರಿಗಳು. ಇವು ಕಂಡವೆಂದರೆ ಬಿರುಗಾಳಿ ಬರುತ್ತದೆಂದು ಗ್ರೀಕ್ ನಾವಿಕರು ಹೆದರುತ್ತಿದ್ದರು.

ಮರಿಗಳಲ್ಲಿ ಕಪೆಲ್ಲಕ್ಕೆ ಹತ್ತಿರವಾದದ್ದು ತೀರ ವಿಚಿತ್ರ. ಪ್ರತಿ 27 ವರ್ಷಕ್ಕೊಮ್ಮೆ ಅದರ ಬೆಳಕು ಅರ್ಧಕ್ಕಿಳಿಯುತ್ತದೆ, ಎರಡು ವರ್ಷ ಹಾಗೇ ಮಂಕಾಗಿರುತ್ತದೆ. ಏನೋ ಅಡ್ಡ ಬರುತ್ತಿದೆ ಎಂದು ಖಗೋಳಜ್ಞರು ಬಹುಕಾಲ ತಲೆ ಕೆಡಿಸಿಕೊಂಡಿದ್ದರು. ಕಳೆದ ಗ್ರಹಣ 2009ರಿಂದ 2011ರವರೆಗೆ ನಡೆದಾಗ, ಹಲವು ದೂರದರ್ಶಕಗಳ ಬೆಳಕನ್ನು ಕೂಡಿಸಿ ತೆಗೆದ ಚಿತ್ರಗಳಲ್ಲಿ ಉತ್ತರ ಸಿಕ್ಕಿತು. ದೂಳಿನ ದೊಡ್ಡದೊಂದು ತಟ್ಟೆ, ನಕ್ಷತ್ರದ ಮುಂದೆ ನಿಧಾನವಾಗಿ ತೆವಳಿ ಹೋಗುತ್ತಿತ್ತು. 2010ರ ಚಳಿಗಾಲದಲ್ಲಿ ನಮ್ಮ ಶಾಲೆಯ ಮಕ್ಕಳನ್ನು ಮೈದಾನದಲ್ಲಿ ನಿಲ್ಲಿಸಿ ಮಂಕಾದ ಆ ಮರಿಯನ್ನು ತೋರಿಸಿದ್ದೆ. ಕಿಡ್ ಅಂದರೆ ಆಡಿನ ಮರಿ ಎಂದು ಅಂದು ಮೊದಲೇ ಹೇಳಿಬಿಟ್ಟಿದ್ದೆ.

ಮತ್ತೆ ಅದು ಮಂಕಾಗುವುದು 2036ರಲ್ಲಿ. ಅಷ್ಟರಲ್ಲಿ ನಾನು ನಿವೃತ್ತನಾಗಿರುತ್ತೇನೆ. ಈಗ ಆರನೇ ತರಗತಿಯಲ್ಲಿರುವವರು ಡಿಗ್ರಿ ಮುಗಿಸಿರುತ್ತಾರೆ. ದುರ್ಬೀನು ಬೇಕಿಲ್ಲ, ಬರಿಗಣ್ಣು ಸಾಕು. ಈ ಚಳಿಗಾಲದಲ್ಲೇ ಒಮ್ಮೆ ಪಕ್ಕದ ಎರಡು ಮರಿಗಳ ಜೊತೆ ಹೋಲಿಸಿ, ಈಗ ಎಷ್ಟು ಬೆಳಕಿದೆಯೆಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡಿರಿ.